ಮಾವನವರ ಚಾಕುವಿಗೆ ನನ್ನ ಕೈ

ಸಾಮಾನುಗಳನ್ನು ಸ್ವಚ್ಛ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಕೊಪ್ಪಳದಲ್ಲಿ ಯಾರೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಈ ನಂಬಿಕೆಗೆ ಆಧಾರವೇನು ಎಂದು ಯಾರೂ ಕೇಳಿರಲಿಲ್ಲವಾದ್ದರಿಂದ ಅದು ಗಟ್ಟಿಮುಟ್ಟಾಗಿಯೇ ಉಳಿದಿತ್ತು. ನಾನು ದಿನಾ ಮುನಿರಾಬಾದಿಗೆ ಹೋಗಿ ಕಡತ ನೋಡಿ ಬರುವ ಗುಮಾಸ್ತ. ಪೆನ್ನು ಬಿಟ್ಟರೆ ಬೇರೆ ಆಯುಧ ಹಿಡಿದವನಲ್ಲ. ಆದರೂ ವರ್ಷಕ್ಕೊಮ್ಮೆ ಮಹಾನವಮಿಯ ಖಂಡೆ ಪೂಜೆ ಬಂತೆಂದರೆ ಮನೆಯ ಸಮಸ್ತ ಆಯುಧಗಳ ಮೇಲುಸ್ತುವಾರಿ ನನ್ನದೇ. ಈಳಿಗೆ, ಕೊಡಲಿ, ಸ್ಕ್ರೂಡ್ರೈವರು, ಸ್ಕೂಟರು, ಹೆಂಡತಿಯ ಹೊಲಿಗೆ ಯಂತ್ರ, ಎಲ್ಲವನ್ನೂ ತೊಳೆದು, ಒರೆಸಿ, ವಿಭೂತಿ ಬಳಿದು ಜಗುಲಿಯ ಮುಂದೆ ಸಾಲಾಗಿ ನಿಲ್ಲಿಸುವುದು ನನ್ನ ವಾರ್ಷಿಕ ಪರಾಕ್ರಮ.

ಈ ಸಲ ಪೂಜೆಯ ಹಿಂದಿನ ದಿನ ಬೆಳಿಗ್ಗೆ ಮಾವನವರು ಬಂದರು. ಮಾವನವರೆಂದರೆ ನನ್ನ ಹೆಂಡತಿ ಗಿರಿಜಾಳ ತಂದೆ ಹನಮಪ್ಪನವರು. ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕುರಿ ಸಾಕಿಕೊಂಡಿದ್ದಾರೆ. ಕಣ್ಣು ಮಂಜಾಗಿದೆ, ಡಾಕ್ಟರಿಗೆ ತೋರಿಸಿಕೊಂಡು ಹಬ್ಬವನ್ನೂ ಮುಗಿಸಿಕೊಂಡು ಹೋಗೋಣ ಎಂದು ಬಂದಿದ್ದರು. ಬಂದವರು ಸೊಂಟದ ಸಂಚಿಯಿಂದ ತಮ್ಮ ಮಡಚುವ ಚಾಕುವನ್ನು ತೆಗೆದು ನನ್ನ ಮುಂದೆ ನೆಲದ ಮೇಲೆ ಇಟ್ಟರು. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ನೆಲದಿಂದ ಎತ್ತಿಕೊಂಡರೆ ಏನಾಗುತ್ತದೆ ಎಂದು ಹಿರಿಯರು ಹೇಳಿಲ್ಲ. ನಾನು ಹೇಳುತ್ತೇನೆ, ಕೇಳಿ.

"ಅಳಿಯಾರ, ಇದನ್ನೂ ಪೂಜಿಗೆ ಇಡ್ರಿ," ಅಂದರು. "ಸ್ವಲ್ಪ ಜ್ವಾಕಿ. ಊರಿಗೆ ಹೋದ ಕೂಡ್ಲೆ ಕುರಿ ಗೊರಸು ಕೊರೀಬೇಕು. ಈ ಸಲ ಮಳಿ ಭಾಳ ಆಗಿ ಎಲ್ಲಾ ಬೆಳದು ಬಾಗ್ಯಾವ. ಆರೇಳು ಕುರಿ ಆಗಲೇ ಕುಂಟಾಕ ಹತ್ಯಾವ."

ಆ ಚಾಕುವನ್ನು ನೀವು ನೋಡಬೇಕಿತ್ತು. ಅಲಗು ಅಂಗೈಯಷ್ಟು ಉದ್ದ. ಮಡಚಿದರೆ ಎಮ್ಮೆ ಕೋಡಿನ ಹಿಡಿಕೆಯೊಳಗೆ ತಣ್ಣಗೆ ಹೋಗಿ ಮಲಗುತ್ತಿತ್ತು. ಹಿಡಿಕೆ ಕಪ್ಪು. ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ಬೆಲ್ಲದ ಬಣ್ಣ. ಒಂದು ಕಡೆ ಹೆಬ್ಬೆರಳು ಊರಿ ಊರಿ ಸಣ್ಣ ಗುಣಿ ಬಿದ್ದಿತ್ತು. ಮಾವನವರ ಬಲಗೈ ತೋರುಬೆರಳು ಎಷ್ಟೋ ವರ್ಷದ ಹಿಂದೆ ಹಗ್ಗಕ್ಕೆ ಸಿಕ್ಕು ನೆಟ್ಟಗೆ ನಿಂತುಬಿಟ್ಟಿದೆ, ಮಡಚುವುದಿಲ್ಲ. ಹೀಗಾಗಿ ಅವರ ಹಿಡಿತವೆಲ್ಲ ಆ ಗುಣಿಯಲ್ಲಿ ಕೂರುವ ಹೆಬ್ಬೆರಳಿನದು. ಬೇರೆ ಚಾಕು ಅವರ ಕೈಯಲ್ಲಿ ತಿರುಗುತ್ತದೆ. ತಿರುಗಿದರೆ ಗೊರಸಿನ ಬದಲು ಕಾಲೇ ಕೊಯ್ಯುತ್ತದೆ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು ಎಂಬುದನ್ನು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

ಗಿರಿಜಾ ಅಪ್ಪನನ್ನು ಕರೆದುಕೊಂಡು ಕಣ್ಣಿನ ಡಾಕ್ಟರರ ಕಡೆ ಹೋದಳು. ನಾನು ಲುಂಗಿ ಎತ್ತಿ ಕಟ್ಟಿ ಕಾರ್ಯಾರಂಭ ಮಾಡಿದೆ. ಹಿತ್ತಾಳೆ ದೀಪ, ಗಂಟೆ, ತಂಬಿಗೆಗಳನ್ನು ದೊಡ್ಡ ಪಾತ್ರೆಯಲ್ಲಿ ಹಾಕಿ, ಹುಣಸೆಹಣ್ಣು ಉಪ್ಪು ಸೇರಿಸಿ ಒಲೆಯ ಮೇಲಿಟ್ಟೆ. ಇದು ನನ್ನದೇ ವಿಧಾನ. ತಿಕ್ಕುವ ಶ್ರಮವಿಲ್ಲ. ನೀರು ಕುದಿಯತೊಡಗಿತು. ಚಾಕುವನ್ನು ಮೂಸಿ ನೋಡಿದೆ. ಕುರಿ ಹಟ್ಟಿಯ ವಾಸನೆ ಗಾಢವಾಗಿತ್ತು. ಇಂಥದ್ದನ್ನು ದೇವರ ಮುಂದೆ ಇಡುವುದು ಹೇಗೆ? ಕೋಡು ಎಂದರೆ ಕಲ್ಲಿದ್ದಂತೆ, ಎಮ್ಮೆ ಅದನ್ನು ಹೊತ್ತುಕೊಂಡೇ ಮಳೆ ಬಿಸಿಲಲ್ಲಿ ಓಡಾಡಿಲ್ಲವೇ ಎಂದು ವಾದ ಮಂಡಿಸಿ, ನಾನೇ ಒಪ್ಪಿ, ಚಾಕುವನ್ನು ಪಾತ್ರೆಯೊಳಗೆ ಬಿಟ್ಟೆ.

ಎಮ್ಮೆ ಮಳೆ ಬಿಸಿಲಲ್ಲಿ ಓಡಾಡಿತ್ತು. ಕುದಿಯುವ ಹುಣಸೆ ನೀರಿನಲ್ಲಲ್ಲ!

ಸ್ಕೂಟರು ತೊಳೆದು ಮುಗಿಸಿ ಬರುವಷ್ಟರಲ್ಲಿ ಮನೆ ತುಂಬ ಸುಟ್ಟ ಕೂದಲಿನಂಥ ಘಾಟು. ಸೌಟಿನಿಂದ ಚಾಕುವನ್ನು ಎತ್ತಿದೆ. ಹಿಡಿಕೆಯ ಎರಡು ಹೋಳುಗಳು ಮೊಳೆಗಳನ್ನು ಬಿಟ್ಟು ಎಣ್ಣೆಯಲ್ಲಿ ಬಿಟ್ಟ ಹಪ್ಪಳದಂತೆ ಆಚೆಗೊಂದು ಈಚೆಗೊಂದು ಬಾಗಿದ್ದವು. ಅಲಗು ತೆರೆಯಲೂ ಇಲ್ಲ, ಮುಚ್ಚಲೂ ಇಲ್ಲ. ದೀಪಗಳು ಮಾತ್ರ ಬಂಗಾರದಂತೆ ಹೊಳೆಯುತ್ತಿದ್ದವು.

ನಾನು ಎದೆಗುಂದಲಿಲ್ಲ. ಒಂದು ತಾಸು ನೆರಳಿನಲ್ಲಿ ಒಣಗಲು ಬಿಟ್ಟೆ. ತಾನಾಗಿಯೇ ನೆಟ್ಟಗಾದೀತು ಎಂದು. ಅದು ಇನ್ನಷ್ಟು ಬಾಗಿ ಅಲ್ಲೇ ಗಟ್ಟಿಯಾಯಿತು. ನೆಲದ ಮೇಲೆ ಮಲಗಿಸಿ ಒಳಕಲ್ಲಿನ ಗುಂಡನ್ನು ಮೇಲೆ ಹೇರಿದೆ. ಅಲುಗಲಿಲ್ಲ. ಗುಂಡಿನಿಂದ ಒಂದೇ ಒಂದು ಸಲ, ಅದೂ ಮೆಲ್ಲಗೆ, ಕುಟ್ಟಿದೆ. ಟಪ್ ಎಂದಿತು. ಎರಡು ಹೋಳು ಇದ್ದದ್ದು ಐದಾಯಿತು.

ಗಿರಿಜಾ ಬಂದು ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. ಅಪ್ಪನ ಕಣ್ಣಿಗೆ ಹನಿ ಹಾಕಿದ್ದಾರೆ, ಎರಡು ದಿನ ಎಲ್ಲ ಮಸುಕು ಕಾಣುತ್ತದಂತೆ ಎಂದು ಹೇಳಿ, ಅವರನ್ನು ಪಡಸಾಲೆಯಲ್ಲಿ ಮಲಗಿಸಿ ಅಡುಗೆಮನೆಗೆ ಬಂದಳು. ನಾನು ಐದು ಹೋಳುಗಳನ್ನು ತಟ್ಟೆಯಲ್ಲಿಟ್ಟು ತೋರಿಸಿದೆ. ಆಕೆ ಒಲೆಯ ಮೇಲಿನ ಪಾತ್ರೆಯೊಳಗೆ ಇಣುಕಿದಳು.

"ಇದನ್ನೂ ಕುದಿಸಿದ್ರೇನು?"

ಸ್ವಚ್ಛತೆಯ ದೃಷ್ಟಿಯಿಂದ ಎಂದೆ.

"ನಮ್ಮ ತಾತ ಕೊಟ್ಟ ಚಾಕು ಇದು. ಅಪ್ಪ ಇದನ್ನ ನನ್ನ ಕೈಯಾಗೂ ಕೊಡ್ತಿದ್ದಿಲ್ಲ."

ನಾನು ಧೈರ್ಯ ಹೇಳಿದೆ. ಮಾವನವರಿಗೆ ಎರಡು ದಿನ ಕಣ್ಣು ಮಸುಕು. ನಾಳೆ ಪೂಜೆಗಿಟ್ಟ ಆಯುಧವನ್ನು ಮರುದಿನ ಬನ್ನಿ ಮುಡಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ಅಷ್ಟರಲ್ಲಿ ಇಂಥದ್ದೇ ಹಿಡಿಕೆ ಕೂರಿಸಿದರೆ ಯಾರಿಗೆ ತಿಳಿಯುತ್ತದೆ? ಗಿರಿಜಾ ಒಂದೇ ಮಾತು ಅಂದಳು. "ಅಪ್ಪಗ ಮಂಜ ಆಗಿದ್ದು ಕಣ್ಣು. ಕೈ ಅಲ್ಲ." ನಾನು ಆ ಮಾತನ್ನು ಕಡತಕ್ಕೆ ಸೇರಿಸಲಿಲ್ಲ.

ಆ ಸಂಜೆಯೇ ಬಜಾರಿಗೆ ಹೋದೆ. ಒಬ್ಬ ಅಂಗಡಿಯವನು ಕಪ್ಪು ಹಿಡಿಕೆಯ ಚಾಕು ತೋರಿಸಿ ಅಸಲಿ ಕೋಡು ಎಂದು ಪ್ರಮಾಣ ಮಾಡಿದ. ಮಧ್ಯಾಹ್ನದ ಅನುಭವದಿಂದ ನಾನು ಈ ವಿಷಯದಲ್ಲಿ ತಜ್ಞನಾಗಿದ್ದೆ. ಬಿಸಿ ತಾಗಿದರೆ ಕೋಡು ಕೂದಲಿನ ವಾಸನೆ ಕೊಡಬೇಕು ಎಂದು ಹೇಳಿ, ಕಡ್ಡಿ ಗೀರಿ ಹಿಡಿಕೆಗೆ ಹಿಡಿದೆ. ಬಕೆಟ್ಟು ಸುಟ್ಟ ವಾಸನೆ ಬಂತು. ಹಿಡಿಕೆ ಹನಿಹನಿಯಾಗಿ ಗಲ್ಲಾದ ಮೇಲೆ ಸೋರಿತು. ಪರೀಕ್ಷೆಯಲ್ಲಿ ನಾನು ಗೆದ್ದೆ. ಅಂಗಡಿಯಿಂದ ಇಳಿಯಿರಿ ಎಂದು ಅವನು ಎರಡು ಸಲ ಹೇಳಬೇಕಾಯಿತು.

ಮರುದಿನ ಬೆಳಿಗ್ಗೆ ಐದು ಹೋಳು ಮತ್ತು ಬೋಳು ಅಲಗನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೊರಟೆ. ಆದರೆ ಎಂಥ ದಿನ ಹೊರಟಿದ್ದೆ ನೋಡಿ! ಬಡಗಿಯ ಹತ್ತಿರ ಹೋದರೆ ಉಳಿ, ಬಾಚಿ, ಗರಗಸಗಳೆಲ್ಲ ಕುಂಕುಮ ಹಚ್ಚಿಕೊಂಡು ಪೂಜೆಗೆ ಕುಳಿತಿದ್ದವು. ಮುಟ್ಟುವಂತಿಲ್ಲ. ಲೇತ್ ಯಂತ್ರಕ್ಕೆ ಬಾಳೆಕಂಬ ಕಟ್ಟಿದ್ದರು. ಕಮ್ಮಾರ ತನ್ನ ತಿದಿಗೆ ಕುಂಬಳಕಾಯಿ ನಿವಾಳಿಸುತ್ತಿದ್ದ. ಇಡೀ ಕೊಪ್ಪಳದ ಆಯುಧಗಳು ಆ ದಿನ ದೇವರಾಗಿದ್ದವು, ಕೆಲಸಕ್ಕೆ ಸಿಗುವಂಥದ್ದು ಒಂದೂ ಇರಲಿಲ್ಲ. ಕಮ್ಮಾರನೇ ಕನಿಕರದಿಂದ, ಗಂಗಾವತಿಯಲ್ಲಿ ಇಮಾಮಸಾಬ ಎಂಬ ಸಾಣೆ ಹಿಡಿಯುವ ಮುದುಕ ಇದ್ದಾನೆ, ಅವನು ಸಿಕ್ಕರೂ ಸಿಗಬಹುದು ಎಂದ. ಬಸ್ಸು ಹತ್ತಿದೆ.

ಇಮಾಮಸಾಬ ಸಿಕ್ಕ. ಬೇಗ ಬೇಗ ಬಿಚ್ಚಿ ಎಂದ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಅಂಗಡಿಯವರು ಬಂದು ಅವನ ಸಾಣೆಕಲ್ಲಿಗೂ ಹಾರ ಹಾಕುತ್ತಾರಂತೆ, ಆಮೇಲೆ ಅವನೂ ಮುಟ್ಟುವುದಿಲ್ಲವಂತೆ. ಕರವಸ್ತ್ರ ಬಿಚ್ಚಿದೆ. ಅವನು ಅಲಗು ನೋಡಿಯೇ ಕುರಿ ಮಂದಿಯ ಚಾಕು ಎಂದು ಗುರುತಿಸಿ, ಒಂದು ಹೋಳನ್ನು ಮೂಸಿ, ನನ್ನ ಮುಖ ನೋಡಿ, ಸಾರು ಮಾಡಿದ್ದಿರಾ ಎಂದು ಕೇಳಿದ. ಬಿಸಿ ಇದ್ದಾಗಲೇ ಹಲಗೆಯ ನಡುವೆ ಹಿಡಿದು ಬಿಗಿದಿದ್ದರೆ ಮತ್ತೆ ನೆಟ್ಟಗಾಗುತ್ತಿತ್ತು, ಒಣಗಿದ ಮೇಲೆ ಕುಟ್ಟಿದ್ದು ಯಾರು ಎಂದು ವಿಚಾರಿಸಿದ. ಮನೆಯಲ್ಲಿ ಒಬ್ಬರು ಎಂದೆ.

ಕಟ್ಟಿಗೆಯದೋ ಹಿತ್ತಾಳೆಯದೋ ಯಾವುದಾದರೂ ಒಂದು ಬೇಗ ಹಾಕಿಕೊಡು ಎಂದದ್ದು ನನ್ನ ತಪ್ಪು. ಮುದುಕ ಚಾಕು ಕೆಳಗಿಟ್ಟು ನನಗೆ ಪಾಠ ಶುರು ಮಾಡಿದ.

"ಯಾವುದಾದ್ರೂ ಅಂದ್ರ ಹ್ಯಾಂಗ ಸಾಹೇಬ್ರ? ಹಿತ್ತಾಳಿ ಬಿಸಲಾಗ ಕೈ ಸುಡತೈತಿ. ಪ್ಲಾಸ್ಟಿಕ್ಕು ಹಸಿ ಕೈಯಾಗ ಜಾರತೈತಿ. ಎಲುವು ಚಂದ ಕಾಣತೈತಿ, ಕಲ್ಲಿನ ಮ್ಯಾಲೆ ಬಿದ್ರ ಸೀಳತೈತಿ. ಕಟಗಿ ಅಂದ್ರ ಜಾಲಿ ನಡೀತೈತಿ, ಆದ್ರ ಎಣ್ಣಿ ಕುಡಿಸ್ಕೋತ ಇರಬೇಕು, ಇಲ್ಲಂದ್ರ ಮಳಿಗೆ ಉಬ್ಬಿ ಅಲಗ ಹೊರಗ ಬಿಡೂದಿಲ್ಲ. ಕೋಡು ಹಂಗಲ್ಲ. ಕೈ ಎಷ್ಟು ಹಸಿ ಆದ್ರ ಅಷ್ಟು ಹಿಡಿತ ಕೊಡತೈತಿ. ಕುರಿ ಮಂದಿಗೆ ಕೋಡೇ ಬೇಕು."

ಡಬ್ಬಿಯಿಂದ ಒಂದು ಕೋಡಿನ ತುಂಡು ತೆಗೆದ. ಬೆಳಕಿಗೆ ಹಿಡಿದು ಪದರ ಬಿಟ್ಟಿದೆಯೇ ನೋಡಿದ, ಉಗುರಿನಿಂದ ತಟ್ಟಿ ಕಿವಿಗೊಟ್ಟ, ಒಪ್ಪಿದ. ಅರ್ಧ ತಾಸಿನಲ್ಲಿ ಎರಡು ಹೋಳು ಕೊರೆದು ಹಿತ್ತಾಳೆ ಮೊಳೆ ಬಡಿದ. ಮೊಳೆಯ ಮೇಲೆ ಬೆರಳಾಡಿಸಿದರೆ ಎಲ್ಲಿ ಕೋಡು ಮುಗಿದು ಎಲ್ಲಿ ಹಿತ್ತಾಳೆ ಶುರುವಾಯಿತು ತಿಳಿಯುವಂತಿಲ್ಲ. ನಾನು ಬೆರಗಾಗಿ ನೋಡುತ್ತಿದ್ದೆ. ಆಗ ಅವನು ಕೇಳಿದ.

"ಯಾರ ಕೈಗೆ? ಕೈ ತೋರಸ್ರಿ."

ಕೈ ಕೊಪ್ಪಳದ ಪಡಸಾಲೆಯಲ್ಲಿ ಮಲಗಿತ್ತು. ನೆಟ್ಟಗೆ ನಿಂತ ಬೆರಳಿನ ಕಥೆ ಹೇಳಬೇಕಿತ್ತು. ಆದರೆ ಪಕ್ಕದ ಅಂಗಡಿಯವರು ಆಗಲೇ ಹಾರ ಹಿಡಿದು ನಿಂತಿದ್ದರು. ಕೈ ಎಂದರೆ ಕೈ, ಐದು ಬೆರಳು, ಎಲ್ಲರದೂ ಒಂದೇ ಎಂದು ನಿರ್ಣಯಿಸಿ ನನ್ನ ಬಲಗೈಯನ್ನೇ ಚಾಚಿದೆ. ಇಮಾಮಸಾಬ ಅದನ್ನು ಮುಟ್ಟಿ, ಬಹಳ ಮೆತ್ತಗಿದೆ ಎಂದು ಮರುಗಿ, ನನಗೆ ಹಿಡಿಸಿ, ಉಜ್ಜಿ, ಮತ್ತೆ ಹಿಡಿಸಿ, ಮತ್ತೆ ಉಜ್ಜಿ ಕೂರಿಸಿದ. ಹಾರ ಬಿತ್ತು. ಕೆಲಸ ಮುಗಿಯಿತು. ಚಾಕು ನನ್ನ ಮುಷ್ಟಿಯಲ್ಲಿ ಹುಟ್ಟಿದಾಗಿನಿಂದ ಇದ್ದಂತೆ ಕುಳಿತಿತ್ತು.

ಸಂಜೆಯ ಪೂಜೆ ನಿರ್ವಿಘ್ನವಾಗಿ ನೆರವೇರಿತು. ಮರುದಿನ ಬನ್ನಿ ಕೊಟ್ಟು, ಬಂಗಾರದಂಗ ಇರೋಣ ಎಂದು ಎಲ್ಲರೂ ಹೇಳಿಕೊಂಡ ಮೇಲೆ ಮಾವನವರು ಜಗುಲಿಯ ಮುಂದೆ ಕೂತು ಚಾಕುವನ್ನು ಎತ್ತಿಕೊಂಡರು. ಕಣ್ಣಿನ ಹತ್ತಿರ ಒಯ್ಯಲೇ ಇಲ್ಲ. ಕಣ್ಣು ಮುಚ್ಚಿದರು. ಹೆಬ್ಬೆರಳು ಗುಣಿಯನ್ನು ಹುಡುಕುತ್ತ ಹಿಡಿಕೆಯ ಮೇಲೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೋಗಿ ಬಂತು.

"ಅಳಿಯಾರ," ಅಂದರು, "ಇದು ಯಾರ ಕೈ?"

ನಾನು ಇದ್ದದ್ದನ್ನೆಲ್ಲ ಹೇಳಿದೆ. ಗುಂಡಿನ ವಿಷಯ ಬಂದಾಗ ಮಾತ್ರ ಕೆಮ್ಮು ಬಂತು. ಆ ಭಾಗವನ್ನು ಗಿರಿಜಾ ಪೂರ್ತಿ ಮಾಡಿದಳು. ಮಾವನವರು ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. ಹೊಸ ಹಿಡಿಕೆಯನ್ನು ತಟ್ಟಿ, ಬಡಿದು, ಮಾಲು ಅಸಲಿ ಐತಿ ಎಂದು ಒಪ್ಪಿದರು. ಹಿತ್ತಲಿನ ಒಂದು ನುಗ್ಗೆ ಕೊಂಬೆಯ ಮೇಲೆ ಎಳೆದು ನೋಡಿದರು. ನೆಟ್ಟಗೆ ನಿಂತ ಬೆರಳಿನ ಪಕ್ಕದಲ್ಲಿ ಚಾಕು ಗರಕ್ಕನೆ ತಿರುಗಿತು. ಇನ್ನೊಮ್ಮೆ ಎಳೆದರು, ಇನ್ನೊಮ್ಮೆ ತಿರುಗಿತು.

"ನನ್ನ ಕೈಗೆ ಇದು ಹೊಂದಾಕ ವರ್ಷಗಟ್ಲೆ ಬೇಕು," ಅಂದರು ಆಮೇಲೆ. "ಕುರಿ ಅಲ್ಲೀತನಕ ಕಾಯೂದಿಲ್ಲ."

ಆ ಮುಖ ನೋಡಲಾಗಲಿಲ್ಲ. ಬೇರೆಯವರಿಂದ ಮಾಡಿಸೋಣ ಎಂದೆ. ಊರಿನಲ್ಲಿ ಚಾಕು ಹಿಡಿಯಬಲ್ಲವರೆಲ್ಲ ತಮ್ಮ ತಮ್ಮ ಕುರಿಗಳ ಕಾಲಿನಲ್ಲೇ ಮುಳುಗಿದ್ದಾರಂತೆ. ಮಾವನವರು ಚಾಕುವನ್ನು ಮಡಚಿ ನಿಧಾನವಾಗಿ ನನ್ನ ಮುಂದೆ ನೆಲದ ಮೇಲೆ ಇಟ್ಟರು.

"ನಿಮ್ಮ ಕೈಗೆ ಮಾಡಿದ್ದು. ನೀವ ಬರ್ರಿ."

ನಾನು ಗಿರಿಜಾಳ ಕಡೆ ನೋಡಿದೆ. ಆಕೆ ಆಗಲೇ ನನ್ನ ಹಳೆಯ ಪ್ಯಾಂಟು ಹುಡುಕುತ್ತಿದ್ದಳು. ಕಚೇರಿಗೆ ಅರ್ಜಿ ಬರೆದೆ: "ಮಾನ್ಯರೇ, ಕುರಿಗಳ ಗೊರಸು ಕತ್ತರಿಸುವ ತುರ್ತು ಕೌಟುಂಬಿಕ ಕಾರ್ಯದ ನಿಮಿತ್ತ ಎರಡು ದಿನಗಳ ಸಾಂದರ್ಭಿಕ ರಜೆ ಮಂಜೂರು ಮಾಡಬೇಕಾಗಿ ಕೋರಿಕೆ." ಮೇಲಧಿಕಾರಿ ಫೋನ್ ಮಾಡಿ ನಿಜವೇ ಎಂದು ಕೇಳಿದರು. ನಿಜವೆಂದೆ. ಅವರು ತಕ್ಷಣ ಮಂಜೂರು ಮಾಡಿದ ರೀತಿಯಲ್ಲಿ ಸ್ವಲ್ಪ ಅನುಕಂಪವಿತ್ತು.

ಮಾವನವರ ಊರಿಗೆ ಹೋಗಿ ಎಣಿಸಿದರೆ ಕುರಿಗಳು ಇಪ್ಪತ್ತಾರು. ಕಾಲುಗಳ ಲೆಕ್ಕ ನೀವೇ ಹಾಕಿಕೊಳ್ಳಿ. ಮಾವನವರು ಒಂದೊಂದನ್ನೇ ತಮ್ಮ ಮೊಣಕಾಲುಗಳ ನಡುವೆ ಕುಂಡಿಯ ಮೇಲೆ ಕೂರಿಸಿ ಹಿಡಿಯುವುದು, ನಾನು ಕೊರೆಯುವುದು. ಬಿಳಿ ಕಾಣುವವರೆಗೆ ಕೊರಿ, ಗುಲಾಬಿ ಕಂಡರೆ ಕೈ ತೆಗಿ, ಇಷ್ಟೇ ಶಾಸ್ತ್ರ. ಮೊದಲನೆಯ ಕುರಿ ನನ್ನ ಎದೆಗೆ ಒದ್ದಿತು. ಎರಡನೆಯದು ಕನ್ನಡಕಕ್ಕೆ. ಮೂರನೆಯದು ಒದೆಯಲಿಲ್ಲ, ಬೇರೆ ರೀತಿಯಲ್ಲಿ ಅಭಿಪ್ರಾಯ ತಿಳಿಸಿತು. ಕೈಯೆಲ್ಲ ಒದ್ದೆ. ಆದರೆ ಇಮಾಮಸಾಬ ಹೇಳಿದ್ದು ಸುಳ್ಳಲ್ಲ. ಒದ್ದೆಯಾದಷ್ಟೂ ಹಿಡಿಕೆ ಅಂಗೈಗೆ ಅಂಟಿಕೊಳ್ಳುತ್ತಿತ್ತು. ಅದರ ಗುಣಮಟ್ಟದಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಅದನ್ನು ಹಿಡಿದಿದ್ದ ವಸ್ತುವಿನಲ್ಲಿ.

ಎರಡನೆಯ ದಿನ ಇಳಿಹೊತ್ತಿಗೆ ಇಪ್ಪತ್ತಾರೂ ಮುಗಿದವು. ಮಾವನವರು ಎಲ್ಲವನ್ನೂ ಒಮ್ಮೆ ನಡೆಸಿ, ಬಗ್ಗಿ, ಮುಟ್ಟಿ ನೋಡಿದರು. "ಒಂದಕ್ಕೂ ರಕ್ತ ಬಂದಿಲ್ಲ," ಅಂದರು. "ಉಳಕೊಂಡ್ವು." ಹಾಗೆಂದವರು ನನ್ನ ಬೆನ್ನಿನ ಮೇಲೆ ಕೈ ಇಟ್ಟರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅಂಥ ಪ್ರಶಂಸಾಪತ್ರ ನನಗೆ ಸಿಕ್ಕಿರಲಿಲ್ಲ.

ಸುದ್ದಿ ಊರಲ್ಲಿ ಹರಡಿತು. ಹನಮಪ್ಪನ ಅಳಿಯ, ಕೊಪ್ಪಳದ ಸಾಹೇಬ, ಗೊರಸು ಕೊರೆಯುತ್ತಾನಂತೆ! ನಾನು ಬಸ್ಸಿಗೆ ಹೊರಡುವ ಮುಂಚೆ ಒಬ್ಬ ಅಜ್ಜಿ ಕುಂಟುವ ಟಗರನ್ನು ಹಗ್ಗ ಹಿಡಿದು ಎಳೆದುಕೊಂಡು ಬಂದಳು. ಕಚೇರಿಯಲ್ಲಿ ಯಾರೂ ನನ್ನನ್ನು ಹೀಗೆ ಹುಡುಕಿಕೊಂಡು ಬಂದವರಲ್ಲ. ನಾನು ಗಂಭೀರವಾಗಿ ಚಾಕು ತೆರೆದು, ತೋಳು ಏರಿಸಿ, ಟಗರನ್ನು ಕೂರಿಸಿ ಎಂದೆ. ಅಜ್ಜಿ ಕೂರಿಸಲಿಲ್ಲ. ಹಟ್ಟಿಯಲ್ಲಿ ನಿಂತಿದ್ದ ನನ್ನ ಕುರಿಗಳನ್ನು ನೋಡುತ್ತಿದ್ದಳು. ಯಾವುದಕ್ಕೂ ನೋವಿರಲಿಲ್ಲ, ನಿಜ. ಆದರೆ ಒಂದು ಎಡಕ್ಕೆ ವಾಲಿತ್ತು, ಒಂದು ಬಲಕ್ಕೆ. ಒಂದಂತೂ ಇಳಿಜಾರಿನಲ್ಲಿ ನಿಂತಂತೆ ಮುಂದಕ್ಕೆ ಬಾಗಿತ್ತು. ನೆಲ ಮಾತ್ರ ಸಪಾಟಾಗಿತ್ತು.

ಅಜ್ಜಿ ಹಗ್ಗವನ್ನು ಗಿಡ್ಡ ಮಾಡಿ ಹಿಡಿದುಕೊಂಡಳು.

"ಇರ್ಲಿ ಬಿಡ ಯಪ್ಪಾ," ಅಂದಳು. "ನಮ್ಮದು ಕುಂಟ್ಕೋತನ ಛಲೋ ಐತಿ."

ಟಗರು ಬರುವಾಗ ಕುಂಟುತ್ತ ಬಂದಿತ್ತು. ಹೋಗುವಾಗ ಓಡಿಯೇ ಹೋಯಿತು.