ಒಂದು ಕಣ್ಣು ಮುಚ್ಚುವ ವಿದ್ಯೆ

ಮೈಕ್ರೋಸ್ಕೋಪು ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಯಂತ್ರ ಎಂದು ಪುಸ್ತಕದಲ್ಲಿದೆ. ಅದನ್ನು ಕಲಿಸಲು ಹೋದವನ ಫಜೀತಿಯನ್ನೂ ಅದು ಹಾಗೆಯೇ ದೊಡ್ಡದು ಮಾಡುತ್ತದೆ ಎಂಬುದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಯಾದಗಿರಿಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಬೇಕೆಂದು ಬರುವ ಹುಡುಗ ಹುಡುಗಿಯರಿಗೆ ನಾನು ಪಾಠ ಹೇಳುತ್ತೇನೆ. ವರ್ಷಕ್ಕೊಂದು ತಂಡ ಬರುತ್ತದೆ, ಬಂದ ಮೇಲೆ ಏನಾದರೊಂದು ನಡೆದೇ ನಡೆಯುತ್ತದೆ. ಹೋದ ವರ್ಷದ ತಂಡವನ್ನು ನೆನೆಸಿಕೊಂಡರಂತೂ ಉಣ್ಣುವಾಗಲೂ ನಗು ಬಂದು ನೆತ್ತಿಗೆ ಹತ್ತುತ್ತದೆ.

ಗುರುಮಂತ್ರ

ನಮ್ಮಲ್ಲಿರುವವು ಹಳೇ ಕಾಲದ ಮೈಕ್ರೋಸ್ಕೋಪುಗಳು. ಎರಡೂ ಕಣ್ಣಿಟ್ಟು ನೋಡುವ ಹೊಸವು ಬೇರೆ ಕಡೆ ಬಂದಿವೆ, ನಮ್ಮವಕ್ಕೆ ಇನ್ನೂ ಒಂದೇ ಕೊಳವೆ. ನಮ್ಮ ಅಟೆಂಡರ್ ಅವನ್ನು ‘ಒಕ್ಕಣ್ಣ ದುರ್ಬೀನು’ ಎಂದೇ ಕರೆಯುತ್ತಾನೆ.

ನಾನು ಕಲಬುರಗಿಯಲ್ಲಿ ಕಲಿಯುವಾಗ ನಮ್ಮ ಗುರುಗಳು ಬೆನ್ನ ಹಿಂದೆ ನಿಂತು, “ಒಂದ ಕಣ್ಣ ಮುಚ್ಚು, ಒಂದ ಕಣ್ಣಲೆ ನೋಡು. ಎರಡಕ್ಕೂ ಕೆಲಸ ಕೊಟ್ರ ಎರಡೂ ಕೆಡ್ತಾವ” ಎನ್ನುತ್ತಿದ್ದರು. ಆ ಮಂತ್ರವನ್ನು ನಾನು ಎಷ್ಟು ನಿಷ್ಠೆಯಿಂದ ಪಾಲಿಸಿದೆನೆಂದರೆ, ಈಗ ಏನನ್ನೇ ಹತ್ತಿರದಿಂದ ನೋಡಿದರೂ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಒಮ್ಮೆ ಸಂತೆಯಲ್ಲಿ ಟೊಮೆಟೊ ಎತ್ತಿ ಹುಳುಕು ಇದೆಯೇನೋ ಎಂದು ನೋಡುತ್ತಿದ್ದೆ. ಮಾರುವ ಹೆಂಗಸು ತಕ್ಕಡಿ ಕೆಳಗಿಟ್ಟು ಹೇಳಿದಳು:

“ಸುಮ್ನ ತಗೋರಿ ಮಾಸ್ತರ. ಕಣ್ಣ ಹೊಡದ್ರ ಟಮಾಟಿ ಸೋವಿ ಆಗಂಗಿಲ್ಲ.”

ಬಾಲ ಇತ್ತಲ್ರಿ

ಹೋದ ವರ್ಷದ ತಂಡಕ್ಕೆ ಮೊದಲ ದಿನ ರಕ್ತ ನೋಡುವುದನ್ನು ಹೇಳಿಕೊಟ್ಟೆ. ಗಾಜಿನ ಮೇಲೆ ರಕ್ತದ ಹನಿ ಸವರಿ, ಒಣಗಿಸಿ, ಬಣ್ಣ ಹಾಕಿ ಇಟ್ಟ ಸ್ಲೈಡು. ಒಬ್ಬೊಬ್ಬರಾಗಿ ಬಂದು ನೋಡಿರಿ ಎಂದೆ.

ಸುರಪುರದ ಹುಡುಗ ಬಗ್ಗಿದ. “ಕಾಣಸ್ತದೇನು?” ಎಂದೆ.

“ಭಾಳ ಚಂದ ಕಾಣಸ್ತಾವ್ರಿ ಸರ್. ಹರಿದಾಡಾಕತ್ತಾವ.”

ಒಣಗಿದ ರಕ್ತ ಹರಿದಾಡುವುದು ಹೇಗೆ ಎಂದು ನನಗೆ ಅನುಮಾನ ಬಂತು. ಶಹಾಪುರದ ಹುಡುಗಿ ನೋಡಿ, “ಹೌದ್ರಿ, ಬಾಲಾನೂ ಅದಾವ” ಎಂದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬಂತೆ ಉಳಿದವರೆಲ್ಲ ಬಾಲ ನೋಡಿ ಹೋದರು. ಕೊನೆಗೆ ಮುದನಾಳದ ಹುಡುಗಿ ಬಂದಳು. ಕೂಲಿ ಮಾಡುವವರ ಮನೆಯ ಮಗಳು, ಮಾತು ಕಡಿಮೆ. ಬಹಳ ಹೊತ್ತು ಬಗ್ಗಿ ನೋಡಿ, ಮುಖ ಸಣ್ಣದು ಮಾಡಿಕೊಂಡು ಹೇಳಿದಳು:

“ನನಗೇನೂ ಕಾಣವಲ್ದ್ರಿ ಸರ್.”

ಎಲ್ಲರೂ ನಕ್ಕರು. ನಾನು ಹೋಗಿ ನೋಡಿದರೆ ಸ್ಲೈಡು ಇನ್ನೂ ನನ್ನ ಟ್ರೇಯಲ್ಲೇ ಇತ್ತು. ಮಾತಿನ ಭರದಲ್ಲಿ ಇಡುವುದನ್ನೇ ಮರೆತಿದ್ದೆ. ಇಡೀ ತರಗತಿಯಲ್ಲಿ ಖರೇ ಹೇಳಿದವಳು ಆಕೆ ಒಬ್ಬಳೇ. ಅಂದಿನಿಂದ ಆ ಹುಡುಗಿಯ ಮೇಲೆ ನನಗೆ ವಿಶೇಷ ಮಮತೆ.

“ಹಂಗಾದ್ರ ನಾ ನೋಡಿದ್ದೇನ್ರಿ?” ಎಂದ ಸುರಪುರದವ.

“ನಿನ್ನ ಕಣ್ಣ ರೆಪ್ಪಿ ಕೂದಲಾ.”

ಆತ ಸ್ವಲ್ಪ ಯೋಚಿಸಿ, “ಖರೇ ರಕ್ತಕ್ಕಿಂತ ಅದ ಚಂದ ಇತ್ತು ಬಿಡ್ರಿ” ಎಂದ.

ಪೂಜೆಯ ಮರುದಿನ

ಆಯುಧ ಪೂಜೆಗೆ ಮೈಕ್ರೋಸ್ಕೋಪುಗಳನ್ನು ಸಾಲಾಗಿ ಇಟ್ಟು ಪೂಜೆ ಮಾಡುವುದು ನಮ್ಮಲ್ಲಿ ವಾಡಿಕೆ. ಅದರ ಹೊಣೆ ರಂಗಂಪೇಟೆಯ ಹುಡುಗನಿಗೆ ಬಂತು. ಆತ ದೈವಭಕ್ತ. ಕೊಳವೆಗೆ ಹೂವು ಏರಿಸಿದ, ಬುಡಕ್ಕೆ ಕಾಯಿ ಒಡೆದ, ಎಲ್ಲಕ್ಕೂ ವಿಭೂತಿ ಕುಂಕುಮ ಹಚ್ಚಿದ.

ಮರುದಿನ ಮುಂಜಾನೆ ನಾನು ಬರುವುದರೊಳಗೆ ತರಗತಿಯಲ್ಲಿ ಗದ್ದಲವೋ ಗದ್ದಲ. “ಸರ್, ಯಾವ ಸ್ಲೈಡ್ ಇಟ್ರೂ ಬರೀ ಕೆಂಪು ಕಾಣಾಕತ್ತದ್ರಿ” ಎಂದರು. ಎಲ್ಲರ ಬಲಗಣ್ಣಿನ ಸುತ್ತ ಒಂದೊಂದು ಕೆಂಪು ಉಂಗುರ. ರಂಗಂಪೇಟೆಯವನು ಕುಂಕುಮವನ್ನು ಕಣ್ಣಿಟ್ಟು ನೋಡುವ ಗಾಜಿಗೇ ಹಚ್ಚಿದ್ದ.

“ಅಲ್ಲೇ ಯಾಕ ಹಚ್ಚಿದ್ಯೋ?” ಎಂದು ಕೇಳಿದೆ.

“ಕುಂಕುಮ ಹಣಿಗೆ ಹಚ್ಚಬೇಕಲ್ರಿ ಸರ್. ಅದರ ಹಣಿ ಎಲ್ಲಿ ಅದ ಅಂತ ನೀವು ಪಾಠದಾಗ ಹೇಳೇ ಇಲ್ಲ.”

ಮುದನಾಳದ ಬಸ್ಸು

ಮುದನಾಳದ ಹುಡುಗಿಗೆ ಸ್ಲೈಡು ಇಟ್ಟ ಮೇಲೂ ಏನೂ ಕಾಣಲಿಲ್ಲ. ಕಾರಣ ತಿಳಿಯಲು ನನಗೆ ತಡವಾಯಿತು. ಆಕೆಗೆ ಒಂದು ಕಣ್ಣು ಮುಚ್ಚಲು ಬರುತ್ತಿರಲಿಲ್ಲ. ಮುಚ್ಚಿದರೆ ಎರಡೂ ಮುಚ್ಚುತ್ತಿದ್ದವು, ತೆರೆದರೆ ಎಡಗಣ್ಣಿಗೆ ಮೇಜು, ಬಾಟಲಿ, ಗೆಳತಿಯ ಬಳೆ ಎಲ್ಲ ಕಂಡು ಬಲಗಣ್ಣಿನದು ಕಲಸಿಹೋಗುತ್ತಿತ್ತು.

“ಸಣ್ಣಾಕಿದ್ದಾಗ ಒಂದ ಸಲ ಮುಚ್ಚಿದ್ದೆ ಸರ್. ಕಣ್ಣ ಹೊಡೀತಿ ಏನು ಅಂತ ನಮ್ಮ ಆಯಿ ಬೆನ್ನಿಗಿ ಗುದ್ದಿದ್ಳು. ಅವತ್ತಿಂದ ಎರಡೂ ಕೂಡೇ ಮುಚ್ಚತಾವ್ರಿ.”

ನಗುವ ಮಾತಲ್ಲ. “ಪಾಸಾದ್ರ ನೌಕರಿ, ಫೇಲಾದ್ರ ಮದುವಿ” ಎಂದು ಅವರಪ್ಪ ಹೇಳಿಬಿಟ್ಟಿದ್ದ. ಪ್ರಾಯೋಗಿಕ ಪರೀಕ್ಷೆಯಲ್ಲಿ ಸ್ಲೈಡು ಗುರುತಿಸದವರು ಪಾಸಾಗುವಂತಿಲ್ಲ. ಮನೆಯಲ್ಲಿ ದಿನಾ ಅಭ್ಯಾಸ ಮಾಡು ಎಂದೆ. ಮನೆಯಲ್ಲಿ ಆ ಗುದ್ದುವ ಅಜ್ಜಿ ಇದ್ದಳಲ್ಲ, ಪಾಪ, ಹುಡುಗಿ ಬಸ್ಸಿನಲ್ಲಿ ಅಭ್ಯಾಸ ಮಾಡತೊಡಗಿದಳು.

ಮೊದಲ ದಿನ ಪಕ್ಕದಲ್ಲಿ ಕೂತ ಮುದುಕಿ, “ಕಣ್ಣಾಗ ಏನ ಬಿದ್ದದವ್ವ?” ಎಂದು ರೆಪ್ಪೆ ಬಿಡಿಸಿ ಉಫ್ ಎಂದು ಊದಿಬಿಟ್ಟಳು. ಎರಡನೇ ದಿನ ಹೇಗೋ ಏನೋ ಎಡಗಣ್ಣು ಒಂದೇ ಮುಚ್ಚಿತು, ಬಲಗಣ್ಣು ತೆರೆದೇ ಉಳಿಯಿತು. ಗೆದ್ದೆನೆಂದು ಖುಷಿಯಿಂದ ನಕ್ಕಳು. ಎದುರಿಗೆ ಟಿಕೆಟ್ ಹರಿಯುತ್ತ ಕಂಡಕ್ಟರ್ ನಿಂತಿದ್ದ.

ಆತ ಕೈ ಮುಗಿದು ಹೇಳಿದನಂತೆ: “ಬ್ಯಾಡ ತಂಗಿ. ನಾ ಎರಡ ಮಕ್ಕಳ ತಂದಿ ಅದೀನಿ.”

ಯಾವ ಶಾಣ್ಯಾ

ಅದಾದ ಮೇಲೆ ಆಕೆಯ ಕಣ್ಣು ಒಂಟಿಯಾಗಿ ಮುಚ್ಚಲೇ ಇಲ್ಲ. ಕೊನೆಗೆ ಶಹಾಪುರದ ಗೆಳತಿ ಒಂದು ಉಪಾಯ ಮಾಡಿ, ಅವಳ ಎಡಗಣ್ಣಿನ ಮೇಲೆ ಕರ್ಚೀಫು ಕಟ್ಟಿದಳು. ಆ ದಿನ ಮುದನಾಳದ ಹುಡುಗಿ ಬಗ್ಗಿ ನೋಡಿ, ತಲೆ ಎತ್ತದೆ, “ಕಂಡ್ವು ಸರ್” ಎಂದು ಮೆಲ್ಲಗೆ ಅಂದಳು. ನನಗೆ ಕಣ್ಣು ತುಂಬಿ ಬಂತು. ಪರೀಕ್ಷೆಯವರೆಗೂ ಆಕೆ ಕರ್ಚೀಫು ಕಟ್ಟಿಕೊಂಡೇ ಕಲಿತಳು.

ಪರೀಕ್ಷೆಯ ದಿನ ಕಲಬುರಗಿಯಿಂದ ಬಂದ ಪರೀಕ್ಷಕರನ್ನು ನೋಡಿ ನಾನು ಕಾಲಿಗೆ ಬಿದ್ದೆ. ನನ್ನ ಗುರುಗಳೇ ಬಂದಿದ್ದರು. ವಯಸ್ಸಾಗಿತ್ತು, ಸಿಟ್ಟು ಹಾಗೇ ಇತ್ತು. ಒಬ್ಬೊಬ್ಬರನ್ನೇ ಕೇಳುತ್ತ ಬಂದು ಕರ್ಚೀಫಿನ ಮುಂದೆ ನಿಂತರು.

“ಕಣ್ಣಿಗೇನಾಗ್ಯದವಾ?”

“ಏನಾಗಿಲ್ರಿ.”

“ಮತ್ತ ಬಿಚ್ಚು.”

ಆಕೆ ನನ್ನ ಕಡೆ ನೋಡಿದಳು. ಕರ್ಚೀಫು ಬಿಚ್ಚಿ, ಎರಡೂ ಕಣ್ಣು ತೆರೆದುಕೊಂಡೇ ಬಗ್ಗಿದಳು. ಮುಗಿಯಿತು, ಈ ಬೇಸಿಗೆಗೆ ಮದುವೆ ಊಟವೇ ಗತಿ ಎಂದು ನಾನು ಗೋಡೆ ನೋಡುತ್ತ ನಿಂತೆ.

“ಮಲೇರಿಯಾ ಅದರಿ ಸರ್” ಎಂದು ಆಕೆಯ ದನಿ ಕೇಳಿತು. “ರಕ್ತದ ಕಣದಾಗ ಉಂಗುರ ಇದ್ದಂಗ ಕಾಣಸ್ತದ. ಒಂದ ಕಡಿ ಹರಳು ಕೂಡ್ಸಿದಂಗ.”

ಗುರುಗಳು ಬಗ್ಗಿ ನೋಡಿ, “ಖರೇ ಅದ” ಎಂದರು. ಕರ್ಚೀಫಿನ ಒಳಗೆ ಆಕೆಯ ಎಡಗಣ್ಣು ಇಷ್ಟು ದಿನವೂ ತೆರೆದೇ ಇತ್ತಲ್ಲ, ಅದು ತೆರೆದುಕೊಂಡೇ ಸುಮ್ಮನಿರುವುದನ್ನು ಕಲಿತುಬಿಟ್ಟಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಖರೇ ಹೇಳುವ ಹುಡುಗಿ ಅಷ್ಟಕ್ಕೇ ಬಿಡುತ್ತಾಳೆಯೇ?

“ಆದರ ತಪ್ಪ ಮಾಡೀನ್ರಿ ಸರ್. ಎರಡೂ ಕಣ್ಣ ತಗದೇ ನೋಡೀನಿ. ನನಗ ಒಂದ ಮುಚ್ಚಾಕ ಬರಂಗಿಲ್ರಿ.”

“ತಪ್ಪೆಲ್ಲಿ ಬಂತು?” ಎಂದರು ಗುರುಗಳು. “ಎರಡೂ ತಗದೇ ನೋಡಬೇಕು. ಮುಚ್ಚಿದ್ರ ಕಣ್ಣ ದಣೀತಾವ, ತಲಿ ನೋಯ್ತದ. ಒಂದ ಕಣ್ಣ ಮುಚ್ಚು ಅಂತ ನಿಮಗ ಯಾವ ಶಾಣ್ಯಾ ಹೇಳ್ಯಾನ?”

ಮೈಕ್ರೋಸ್ಕೋಪಿಗೆ ಬಗ್ಗಿದ್ದ ಇಡೀ ತರಗತಿ ತಲೆ ಎತ್ತಿ ನನ್ನ ಕಡೆ ತಿರುಗಿತು. ಎಲ್ಲರ ಎಡಗಣ್ಣೂ ಮುಚ್ಚಿಯೇ ಇತ್ತು.

ಗುರುಗಳೂ ತಿರುಗಿದರು. “ನೀ ಹೇಳಿದ್ಯೇನು?”

“ಹೌದ್ರಿ ಸರ್.”

“ನಿನಗ ಇದನ್ನ ಯಾರ ಕಲಿಸಿದ್ರೋ?”

ಅಷ್ಟು ಮಕ್ಕಳ ಮುಂದೆ ಗುರುವಿಗೇ ತಿರುಮಂತ್ರ ಹೇಳಲು ನನಗೆ ಬಾಯಿ ಬರಲಿಲ್ಲ. ಅವರ ಮುಖವನ್ನೇ ಹತ್ತಿರದಿಂದ ನೋಡಿದೆ. ನನ್ನ ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು.

ಗುರುಗಳು ಕೆಮ್ಮಿದರು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು. ಆಮೇಲೆ ನನ್ನ ಕಿವಿಯ ಬಳಿ ಬಗ್ಗಿ, ಯಾರಿಗೂ ಕೇಳದಂತೆ ಹೇಳಿದರು:

“ಆಕಿ ಪಾಸ್. ನೀ ಮೊದಲ ಆ ಕಣ್ಣ ತಗಿ, ಮಂದಿ ನೋಡಾಕತ್ತಾರ.”