ಮಗ್ಗದ ಸದ್ದಿಗೆ ಮೂರು ಒಪ್ಪಂದ

ಸರ್ಕಾರದ ದುಡ್ಡಿನಲ್ಲಿ ಸಂಶೋಧನೆ ಮಾಡುವವನಿಗೆ ನಗುವಿಗೆ ಬರವಿಲ್ಲ. ಒಪ್ಪಂದಕ್ಕೆ ಸಹಿ ಬಿದ್ದ ಮರುದಿನವೇ ಏನಾದರೊಂದು ಶುರುವಾಗುತ್ತದೆ. ನಮ್ಮ ಕಾಲೇಜಿನಿಂದ ನಾನು ಹಿಡಿದದ್ದು ದೊಡ್ಡಬಳ್ಳಾಪುರದ ಪವರ್‌ಲೂಮ್ ಮಗ್ಗಗಳ ಸದ್ದು ತಗ್ಗಿಸುವ ಕೆಲಸ. ಮಗ್ಗದ ಕಾಲಡಿ ರಬ್ಬರ್ ಮೆತ್ತೆ ಇಡುವುದು, ಅಷ್ಟೆ. ಒಬ್ಬ ನೇಕಾರರು ತಮ್ಮ ಮನೆಯ ಮಗ್ಗವನ್ನು ಪ್ರಯೋಗಕ್ಕೆ ಬಿಟ್ಟುಕೊಟ್ಟರು. ಗೆದ್ದರೆ ಇಡೀ ಬೀದಿಗೆ ಮೆತ್ತೆ, ಸೋತರೆ ಆ ಬೀದಿಯವರ ಕಿವಿ ದೇವರಿಗೇ ಪ್ರೀತಿ.

ಅನುದಾನ

ಮೊದಲನೆಯದು ಅನುದಾನದ ಒಪ್ಪಂದ. ಕೊಂಡ ಸಾಮಾನೆಲ್ಲ ಸರ್ಕಾರದ ಆಸ್ತಿ ಎಂದು ಅದರ ಷರತ್ತು. ಅದನ್ನು ಮನೆಯವರಿಗೆ ಓದಿ ಹೇಳಿ, ಮೆತ್ತೆ ಜೋಡಿಸಿ ಬಂದೆ. ಕೆಲವು ದಿನ ಬಿಟ್ಟು ಹೋದರೆ ಸದ್ದು ಮೊದಲಿನಷ್ಟೇ ಇದೆ. ಬಗ್ಗಿ ನೋಡಿದರೆ ಮೆತ್ತೆಯೇ ಇಲ್ಲ.

"ಬೀರುನಲ್ಲಿ ಭದ್ರವಾಗಿ ಇಟ್ಟಿದೀನಿ ಸಾರ್," ಎಂದರು ನೇಕಾರರ ಹೆಂಡತಿ. "ಸರ್ಕಾರದ ಆಸ್ತಿ ಅಂದ್ರಲ್ಲ, ಸವೆದೋದ್ರೆ ಯಾರು ಜವಾಬ್ದಾರಿ?"

ಪಾಲುದಾರಿಕೆ

ಎರಡನೆಯ ಒಪ್ಪಂದದಲ್ಲಿ ಊರಿನವರೂ ಪಾಲು ಹಾಕಬೇಕು. ಹಣವೇ ಆಗಬೇಕೆಂದಿಲ್ಲ, ಜಾಗ, ದುಡಿಮೆ ಏನಾದರೂ ನಡೆಯುತ್ತದೆ. ನೇಕಾರರು, "ಮಗ್ಗ, ಕರೆಂಟು ನಂದು" ಎಂದರು. ಅಡುಗೆಮನೆಯಿಂದ ಹೆಂಡತಿ, "ನಿಮ್ಮ ಕಾಲೇಜು ಹುಡುಗ್ರಿಗೆ ದಿನಾ ಉಪ್ಪಿಟ್ಟು ಮಾಡಿದ್ದು ಯಾರು? ಅದನ್ನೂ ಬರ್ಕೊಳ್ಳಿ" ಎಂದರು. ಬರೆದೆ. ಪಟ್ಟಿ ನೋಡಿ ಇಲಾಖೆಯಿಂದ ಫೋನ್ ಬಂತು.

"ಉಪ್ಪಿಟ್ಟಿಗೂ ಸಂಶೋಧನೆಗೂ ಏನ್ರೀ ಸಂಬಂಧ?"

"ಉಪ್ಪಿಟ್ಟು ನಿಂತ ದಿನ ನಮ್ಮ ಹುಡುಗರು ಬರಲ್ಲ ಸಾರ್."

ಆ ಕಡೆಯವರು, "ಶ್ರಮದಾನ ಅಂತ ತಿದ್ದಿ ಕಳಿಸಿ" ಎಂದರು. ತಿಂದವರ ಶ್ರಮವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹಂತ

ಮೂರನೆಯದು ಹಂತದ ಒಪ್ಪಂದ: ಫಲ ಕಂಡರೆ ಮಾತ್ರ ಮುಂದಿನ ಕಂತು, ಆಗಲೇ ಬೀದಿಗೆಲ್ಲ ಮೆತ್ತೆ. ಬೀರುವಿನಲ್ಲಿದ್ದ ಮೆತ್ತೆ ಮಗ್ಗದಡಿಗೆ ಮರಳಿದ ಮೇಲೆ ಪರಿಶೀಲನಾ ಸಮಿತಿ ಬಂತು. ಮನೆಯೊಳಗೆ ಪೂರ್ತಿ ನಿಶ್ಶಬ್ದ.

"ಭೇಷ್, ಮಗ್ಗ ಓಡ್ತಿರೋದೇ ಗೊತ್ತಾಗಲ್ಲ," ಎಂದರು ಸಮಿತಿಯ ಅಧ್ಯಕ್ಷರು.

ಗೊತ್ತಾಗುವುದು ಹೇಗೆ? ದೊಡ್ಡವರು ಬಂದರೆಂದು ಮರ್ಯಾದೆಗೆ ಬೀದಿಯವರೆಲ್ಲ ಮಗ್ಗ ನಿಲ್ಲಿಸಿದ್ದರು. ವಿಷಯ ತಿಳಿದು ಅಧ್ಯಕ್ಷರ ಮುಖ ಗಂಟಾಯಿತು. ಮಗ್ಗ ಓಡಿಸಿದೆವು. ಸದ್ದು ನಿಜಕ್ಕೂ ತಗ್ಗಿತ್ತು, ಆದರೆ ಒಮ್ಮೆ ಬೇಸ್ತುಬಿದ್ದವರು ಸದ್ದು ಅಳೆಯುವ ನನ್ನ ಮೀಟರನ್ನು ನಂಬಲಿಲ್ಲ. ನೇಕಾರರ ಹೆಂಡತಿಯ ಕಡೆ ತಿರುಗಿ, "ನೀವೇ ಹೇಳಮ್ಮ, ಕಡಿಮೆ ಆಗಿದೆಯಾ?" ಎಂದರು.

"ಆಗಿದೆ ಸಾರ್. ಇಷ್ಟು ವರ್ಷ ಎಷ್ಟು ಕೂಗಿದ್ರೂ ಮಗ್ಗದ ಸದ್ದಲ್ಲಿ ಕೇಳಿಸ್ಲಿಲ್ಲ ಕಣೇ ಅಂತಿದ್ರು ಇವ್ರು. ಈಗ ಕೇಳಿಸ್ಕೊಂಡೂ ಬರಲ್ಲ ಅಂತ ಗೊತ್ತಾಗೋಯ್ತು."

ಸಮಿತಿ ಗೊಳ್ಳೆಂದಿತು. ಬೀದಿಗೆಲ್ಲ ಮೆತ್ತೆ ಮಂಜೂರಾಯಿತು, ನನಗೆ ಹೋದ ಜೀವ ಬಂತು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಪಕ್ಕದ ಮನೆಯ ನೇಕಾರರು ಮಾತ್ರ ನನ್ನನ್ನು ಬದಿಗೆ ಕರೆದು ಮೆಲ್ಲಗೆ, "ನಮ್ಮನೆಗೆ ಬೇಡ ಸಾರ್, ನಮಗೆ ಆ ಸದ್ದೇ ಚೆನ್ನಾಗಿದೆ" ಎಂದರು.