ಮಾವನ ಗ್ಯಾಸ್ ಕಟ್ಟರು, ನನ್ನ ಕರಿ ಕನ್ನಡಕ

ತಡೆಯಿರಿ, ಪುಟ ಮಗುಚಬೇಡಿ. ಮಂಗಳೂರಿನಲ್ಲಿ ನನ್ನ ಸೋದರಮಾವನಷ್ಟು ಜಿಪುಣ ಇನ್ನೊಬ್ಬರಿಲ್ಲವೆಂದು ಸಾಬೀತು ಮಾಡದೆ ನಾನು ಪೆನ್ನು ಕೆಳಗಿಡುವವನಲ್ಲ. ದುಡ್ಡಿನ ಜಿಪುಣತನವಾದರೆ ಕ್ಷಮಿಸಬಹುದಿತ್ತು. ಇವರದು ವಿದ್ಯೆಯ ಜಿಪುಣತನ!

ಬಿಜೈಯಲ್ಲಿ ಮಾವನದೊಂದು ತಗಡಿನ ಶೆಡ್ಡು. ಅದರಲ್ಲಿ ಆಕ್ಸಿಜನ್ ಸಿಲಿಂಡರು, ಕಾರ್ಬೈಡಿಗೆ ನೀರು ಬಿಟ್ಟು ಗ್ಯಾಸ್ ಮಾಡುವ ಡ್ರಮ್ಮು, ಎರಡು ರಬ್ಬರ್ ಪೈಪು, ಪೈಪಿನ ತುದಿಗೆ ಹಿತ್ತಾಳೆಯ ಕಟ್ಟರು. ಅದರ ಬೆಂಕಿ ಅರ್ಧ ಇಂಚಿನ ಕಬ್ಬಿಣವನ್ನು ಬಾಳೆದಿಂಡಿನಂತೆ ಸೀಳುತ್ತದೆ. ಲಾರಿಯ ಚಾಸಿಗೂ ಅದೇ, ಹಂಚಿನ ಕಾರ್ಖಾನೆಯ ಹಳೆ ಬಾಯ್ಲರಿಗೂ ಅದೇ. ಗ್ಯಾಸ್ ಕಟ್ಟಿಂಗಿನ ಇಂಗ್ಲಿಷ್ ಪುಸ್ತಕವನ್ನು ನಾನು ಡಿಕ್ಷನರಿ ಇಟ್ಟುಕೊಂಡು ಮೂರು ಸಲ ಓದಿದ್ದೆ. ಇಂಥ ಪಂಡಿತ ಅಳಿಯನಿಂದ ಮಾವ ಎರಡು ವರ್ಷ ಏನು ಮಾಡಿಸಿದರು ಗೊತ್ತೇ? ಕಬ್ಬಿಣದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಸಿದರು. ಅದೂ ತಿಂಗಳಿಂದ ತಿಂಗಳಿಗೆ "ಇನ್ನೂ ದಪ್ಪ ಎಳಿ."

ಗೆರೆ ಮುಗಿದರೆ ಅವಮಾನದ ಎರಡನೇ ಭಾಗ. "ಕನ್ನಡಕ ಹಾಕು ಮಾರಾಯ."

ಬೊಂಬಾಯಿಯಿಂದ ಬಂದ ಕರಿ ಕನ್ನಡಕ, ಶೆಡ್ಡಿಗೆಲ್ಲ ಒಂದೇ. ಹಾಕಿದರೆ ಬೆಂಕಿಯ ಚುಕ್ಕಿ ಬಿಟ್ಟು ಲೋಕವೆಲ್ಲ ಕತ್ತಲೆ. ಅಸಲು ವಿದ್ಯೆ ಇರುವುದು ಕಟ್ಟರಿನ ತಿರುಪು ಎಷ್ಟು ತಿರುಗಿಸಬೇಕೆಂಬುದರಲ್ಲಿ. ಅದನ್ನು ಕದಿಯೋಣವೆಂದರೆ ಮಾವನ ಬೆರಳೇ ಕಾಣದು. ಕನ್ನಡಕ ಮೂಗಿಗೆ ಜಾರಿಸಿದರೆ ಮಾವ ಬೆಂಕಿಯನ್ನೇ ನಂದಿಸಿಬಿಡುತ್ತಿದ್ದರು. ಶಿಷ್ಯನ ಕಣ್ಣು ಕಟ್ಟಿ ಪಾಠ ಮಾಡುವ ಗುರುವನ್ನು ಎಲ್ಲಾದರೂ ಕಂಡಿದ್ದೀರಾ?

ಬಂದರಿನ ಲಾರಿ ಮಾಲಕರಾದ ಬ್ಯಾರಿಯೊಬ್ಬರು ಒಮ್ಮೆ ಕೇಳಿಯೇಬಿಟ್ಟರು: "ಎಂತ ಮಾರಾಯ್ರೆ, ಕಬ್ಬಿಣ ಕೊಯ್ಯುವುದು ನೀವು, ಕನ್ನಡಕ ಅಳಿಯನಿಗಾ?"

"ಅವನಿಗೆ ಸ್ಟೈಲ್ ಬೇಕಲ್ಲ ಬ್ಯಾರಿಗಳೇ," ಎಂದರು ಮಾವ, ಬರಿಗಣ್ಣು ಕಿರಿದು ಮಾಡಿಕೊಂಡು.

ಮಾವ ಸುರತ್ಕಲ್ಲಿಗೆ ಹೋಗಿದ್ದ ದಿನ ಕದ್ರಿಯ ಹೋಟೆಲಿನವರು ದೋಸೆಯ ದೊಡ್ಡ ಕಾವಲಿ ತಂದರು. ಹೊಸ ಒಲೆ ಸಣ್ಣದು, ಕಾವಲಿಯನ್ನು ಎರಡು ಮಾಡಬೇಕು. ಬಿಡುತ್ತೇನೆಯೇ? ಕಟ್ಟರು ಹೊತ್ತಿಸಿದೆ. ಕಾವಲಿ ಸೀಳಿಕೊಳ್ಳಲಿಲ್ಲ, ಪಾಯಸದಂತೆ ಕರಗಿ ತೊಟ್ಟಿಕ್ಕಿತು, ಆಮೇಲೆ ಟಪ್ ಎಂದು ಒಡೆಯಿತು.

ಹೋಟೆಲಿನವರು ನಿಧಾನಕ್ಕೆ ಎಣಿಸಿದರು. "ನಾನು ಎರಡು ಹೇಳಿದ್ದು. ಇದು ಮೂರು ಉಂಟಲ್ಲ?"

ಸಂಜೆ ಮಾವ ತುಂಡುಗಳನ್ನು ನೋಡಿದರು. "ಇದು ಬೀಡು ಕಬ್ಬಿಣ. ಕಟ್ಟರಿಗೆ ಬಗ್ಗುವುದಿಲ್ಲ. ಪುಸ್ತಕದಲ್ಲಿ ಇಲ್ವಾ?"

ಇತ್ತು. ಆ ಅಧ್ಯಾಯದಲ್ಲಿ ಚಿತ್ರಗಳಿರಲಿಲ್ಲವೆಂದು ದಾಟಿಬಿಟ್ಟಿದ್ದೆ.

"ಕನ್ನಡಕ ಹಾಕಿದ್ದೆಯಾ?"

"ಹಾಕಿದ್ದೆ."

"ಹಾಗಾದ್ರೆ ಸಾಕು."

ಒಂದು ಬೈಗುಳವನ್ನೂ ಕೊಡದ ಜಿಪುಣ!

ಕಳೆದ ತಿಂಗಳು ಒಂದು ಗೇಟಿನ ಕೆಲಸ. ಬೆರಳು ದಪ್ಪದ ಗೆರೆ ಎಳೆದಿದ್ದೆ. ಮಾವನ ಬೆಂಕಿ ಗೆರೆಯಿಂದ ಒಂದು ಇಂಚು ಆಚೆ ಹೊರಟಿತು.

"ಮಾವ, ಗೆರೆ ಈಚೆ ಉಂಟು."

ಬೆಂಕಿ ನಂದಿಸಿ ಅವರು ಸಿಲಿಂಡರಿಗೆ ಒರಗಿ ಕುಳಿತರು.

"ಎಷ್ಟು ಸಮಯ ಆಯ್ತು ಮಾವ, ಹೀಗೆ?"

"ನೀನು ಬರುವ ಮೊದಲೇ. ಕನ್ನಡಕ ಇದ್ದದ್ದು ಒಂದು. ನನ್ನ ಕಣ್ಣು ಅರ್ಧ ಹೋಗಿತ್ತು, ನಿನ್ನದು ಪೂರ್ತಿ ಇತ್ತಲ್ಲ."

ಆಮೇಲೆ ಕಟ್ಟರನ್ನು ನನ್ನ ಕೈಗಿಟ್ಟರು. ಕನ್ನಡಕ ಸರಿಪಡಿಸಿದರು. ನನ್ನ ಬೆರಳ ಮೇಲೆ ತಮ್ಮ ಬೆರಳಿಟ್ಟು ತಿರುಪು ತಿರುಗಿಸಿದರು. "ಇಷ್ಟೇ." ಎರಡು ವರ್ಷ ನಾನು ಕದಿಯಲು ನೋಡಿದ ವಿದ್ಯೆ ಕಾಲು ಸುತ್ತಿನಷ್ಟೂ ಇರಲಿಲ್ಲ.

ನಿಮಗೂ ಇಂಥ ಜಿಪುಣರು ಗಂಟು ಬಿದ್ದಿದ್ದರೆ ಒಂದು ಕಾರ್ಡು ಬರೆದು ಹಾಕಿ. ಶೆಡ್ಡಿನಲ್ಲಿ ಗಟ್ಟಿಯಾಗಿ ಓದುತ್ತೇನೆ. ಕೇಳುವವರೊಬ್ಬರಿದ್ದಾರೆ.